2ಎನ್3904: ಸ್ವಿಚ್ ಆಗಿ ಈ ಟ್ರಾನ್ಸಿಸ್ಟರ್ ನಿಜಕ್ಕೂ ಎಷ್ಟು ವೇಗ?

2ಎನ್3904 ಎಂಬ ಪುಟ್ಟ ಎನ್‌ಪಿಎನ್ ಟ್ರಾನ್ಸಿಸ್ಟರನ್ನು ಇಲ್ಲಿ ಸ್ವಿಚ್ ಆಗಿ ಮಾತ್ರ ಪರಿಶೀಲಿಸಿದ್ದೇನೆ. ಇದನ್ನು ಕೊಳ್ಳುವವರಲ್ಲಿ ಹಲವರು ಡೇಟಾಶೀಟಿನಲ್ಲಿ (ತಯಾರಕರು ಕೊಡುವ ವಿವರಪಟ್ಟಿ) ಕಾಣುವ 300 ಮೆಗಾಹರ್ಟ್ಸ್ ಎಂಬ ಸಂಖ್ಯೆಯನ್ನೇ ಸ್ವಿಚ್ಚಿನ ವೇಗವೆಂದು ತಿಳಿಯುತ್ತಾರೆ. ನಾನೂ ಮೊದಲು ಹಾಗೆಯೇ ತಿಳಿದಿದ್ದೆ. ಆದರೆ ಅದು ಸಣ್ಣ ಸಂಕೇತವನ್ನು ವರ್ಧಿಸುವಾಗ ಪ್ರವಾಹದ ಗಳಿಕೆ 1ಕ್ಕೆ ಇಳಿಯುವ ಆವರ್ತನ. ಪೂರ್ತಿ ಆನ್ ಆದ ಟ್ರಾನ್ಸಿಸ್ಟರ್ ಮತ್ತೆ ಆಫ್ ಆಗಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಅದು ಹೇಳುವುದೇ ಇಲ್ಲ.

ಅದನ್ನು ಹೇಳುವ ಸಾಲುಗಳು ಡೇಟಾಶೀಟಿನಲ್ಲಿ ಬೇರೆಯಾಗಿಯೇ ಇವೆ. ಆನ್ ಆಗುವಾಗ ವಿಳಂಬ ಕಾಲ 35, ಏರಿಕೆ ಕಾಲ 35, ಆಫ್ ಆಗುವಾಗ ಸಂಗ್ರಹ ಕಾಲ 200, ಇಳಿಕೆ ಕಾಲ 50 ನ್ಯಾನೋಸೆಕೆಂಡ್. ಇವೆಲ್ಲ ಗರಿಷ್ಠ ಮಿತಿಗಳು. ಒಟ್ಟು 320 ನ್ಯಾನೋಸೆಕೆಂಡ್ ಆಗುವುದರಿಂದ ಒಂದು ಪೂರ್ಣ ಆವರ್ತಕ್ಕೆ ಮಿತಿ ಸುಮಾರು 3 ಮೆಗಾಹರ್ಟ್ಸ್, ಅಂದರೆ ಆ ದೊಡ್ಡ ಸಂಖ್ಯೆಯ ನೂರರಲ್ಲೊಂದು ಪಾಲು. ಇದರಲ್ಲಿ ಹೆಚ್ಚಿನ ಪಾಲು ಸಂಗ್ರಹ ಕಾಲದ್ದೇ: ಟ್ರಾನ್ಸಿಸ್ಟರ್ ಸಂತೃಪ್ತವಾದಾಗ (ಅಂದರೆ ಬೇಕಾದುದಕ್ಕಿಂತ ಹೆಚ್ಚು ಬೇಸ್ ಪ್ರವಾಹ ಪಡೆದು ಪೂರ್ತಿ ಆನ್ ಆದಾಗ) ಅದನ್ನು ನಿಯಂತ್ರಿಸುವ ಭಾಗವಾದ ಬೇಸಿನಲ್ಲಿ ತುಂಬಿದ ಹೆಚ್ಚುವರಿ ವಿದ್ಯುದಾವೇಶ ಖಾಲಿಯಾಗುವವರೆಗೆ, ಲೋಡಿಗೆ ಜೋಡಿಸುವ ತುದಿಯಾದ ಕಲೆಕ್ಟರಿನ ಪ್ರವಾಹ ಕಡಿಮೆಯಾಗುವುದಿಲ್ಲ.

ಸಂಗ್ರಹ ಕಾಲದ ಈ 200 ನ್ಯಾನೋಸೆಕೆಂಡ್ ಕೂಡ ಕಲೆಕ್ಟರಿನಲ್ಲಿ 10 ಮಿಲಿಆಂಪಿಯರ್ ಹರಿಯುತ್ತಿದ್ದು, ಬೇಸಿಗೆ 1 ಮಿಲಿಆಂಪಿಯರ್ ಕೊಟ್ಟು, ಆಫ್ ಮಾಡುವಾಗ ಅಷ್ಟೇ ಪ್ರವಾಹವನ್ನು ಹಿಂದಕ್ಕೆ ಎಳೆದಾಗ ಸಿಗುವ ಮಿತಿ. ನನ್ನ ವಿದ್ಯುತ್ ಮಂಡಲದಲ್ಲಿ 5 ವೋಲ್ಟ್ ಪೂರೈಕೆ, ಕಲೆಕ್ಟರಿಗೆ 1 ಕಿಲೋಓಮ್ ರೋಧಕ, ಬೇಸಿಗೆ 4.3 ಕಿಲೋಓಮ್ ರೋಧಕ ಇದ್ದವು. ಆನ್ ಮಾಡುವಾಗ ಬೇಸಿಗೆ 1 ಮಿಲಿಆಂಪಿಯರ್ ಸಿಗುತ್ತದೆ. ಒಳಬರುವ ಸಂಕೇತ ಸೊನ್ನೆ ವೋಲ್ಟಿಗೆ ಇಳಿದಾಗ ಬೇಸಿನಿಂದ ಹೊರಕ್ಕೆ ಎಳೆಯುವುದು ಬೇಸಿನಲ್ಲಿ ಉಳಿದಿರುವ 0.7 ವೋಲ್ಟನ್ನು 4.3 ಕಿಲೋಓಮಿನಿಂದ ಭಾಗಿಸಿದಷ್ಟು, ಅಂದರೆ 0.16 ಮಿಲಿಆಂಪಿಯರ್ ಮಾತ್ರ. ಪ್ರವಾಹದ ಗಳಿಕೆಯನ್ನು 100 ಎಂದು ಹಿಡಿದು, ಬೇಸಿನ ಆವೇಶ ಖಾಲಿಯಾಗುವ ಕಾಲವನ್ನು ಕೊಡುವ ಲಘುಗಣಕ (ಲಾಗರಿದಮ್) ಸೂತ್ರಕ್ಕೆ ಹಾಕಿದರೆ, ಡೇಟಾಶೀಟಿನ 200 ಇಲ್ಲಿ ಸುಮಾರು 570 ನ್ಯಾನೋಸೆಕೆಂಡ್ ಆಗುತ್ತದೆ. ಈ ಲೆಕ್ಕ ಹಾಕದೆ ಟ್ರಾನ್ಸಿಸ್ಟರನ್ನು ದೂರುವುದು ಅನ್ಯಾಯವೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ಇಲ್ಲಿ ನಿಧಾನವಾಗಿರುವುದು ಅದನ್ನು ಆಫ್ ಮಾಡುವ ನಮ್ಮ ರೀತಿ.

ಅಳೆಯುವಾಗಲೂ ಎಚ್ಚರ ಬೇಕು. ಆಸಿಲೋಸ್ಕೋಪಿನ ಪ್ರೋಬ್ 15 ಪಿಕೋಫ್ಯಾರಡ್ ಸೇರಿಸಿದರೂ 1 ಕಿಲೋಓಮ್ ಲೋಡಿನೊಂದಿಗೆ ಕಲೆಕ್ಟರ್ ವೋಲ್ಟೇಜ್ ಮೇಲೇರಲು 33 ನ್ಯಾನೋಸೆಕೆಂಡ್ ಬೇಕಾಗುತ್ತದೆ, ಅದನ್ನು ಟ್ರಾನ್ಸಿಸ್ಟರಿನ ತಲೆಗೆ ಕಟ್ಟಬಾರದು.

ಎಲ್‌ಇಡಿ, ಸಣ್ಣ ರಿಲೇ, ಕೆಲವು ನೂರು ಕಿಲೋಹರ್ಟ್ಸ್‌ವರೆಗಿನ ಸಂಕೇತಗಳಿಗೆ ಇದನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಕಲೆಕ್ಟರ್ ಪ್ರವಾಹದ 200 ಮಿಲಿಆಂಪಿಯರ್ ಮಿತಿಯನ್ನು ಮಾತ್ರ ಮೀರಬಾರದು. ಇನ್ನೂ ವೇಗ ಬೇಕಿದ್ದರೆ ಬೇಸ್ ರೋಧಕಕ್ಕೆ ಸಮಾಂತರವಾಗಿ ಕೆಲವು ಹತ್ತು ಪಿಕೋಫ್ಯಾರಡಿನ ಕೆಪಾಸಿಟರ್ ಇಟ್ಟರೆ ಆಫ್ ಆಗುವ ಕ್ಷಣದಲ್ಲಿ ಆವೇಶವನ್ನು ಅದು ಎಳೆದುಕೊಳ್ಳುತ್ತದೆ. ಬೇಸಿನಿಂದ ಕಲೆಕ್ಟರಿಗೆ ಶಾಟ್ಕಿ ಡಯೋಡ್ (ಕಡಿಮೆ ವೋಲ್ಟೇಜಿನಲ್ಲೇ ಪ್ರವಾಹ ಬಿಡುವ ಡಯೋಡ್) ಹಾಕುವುದು ನನಗೆ ಇನ್ನೂ ಮೆಚ್ಚಿಗೆಯಾದ ಉಪಾಯ: ಹೆಚ್ಚುವರಿ ಬೇಸ್ ಪ್ರವಾಹ ಡಯೋಡಿನ ಮೂಲಕ ಸರಿದುಹೋಗಿ ಟ್ರಾನ್ಸಿಸ್ಟರ್ ಆಳವಾಗಿ ಸಂತೃಪ್ತವಾಗುವುದೇ ಇಲ್ಲ. ಅದಕ್ಕೆ ಪ್ರತಿಯಾಗಿ ಆನ್ ಸ್ಥಿತಿಯ ಕಲೆಕ್ಟರ್ ವೋಲ್ಟೇಜ್ 0.2 ವೋಲ್ಟಿನೊಳಗೆ ನಿಲ್ಲದೆ 0.4ರ ಆಸುಪಾಸಿಗೆ ಏರುತ್ತದೆ.