ಗೊತ್ತಿದ್ದೂ ಕೇಳಬೇಕಾದ ಪ್ರಶ್ನೆ: ಆಪರೇಷನ್ ಚೆಕ್‌ಲಿಸ್ಟ್ ಹೇಗಿದೆ?

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತೆಯ ಚೆಕ್‌ಲಿಸ್ಟ್ ಒಂದೇ ಹಾಳೆಯದು. ಅಂಶಗಳು 19, ನಿಲ್ಲಬೇಕಾದ ಜಾಗ ಮೂರು: ಅರಿವಳಿಕೆ ಕೊಡುವ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿ ಥಿಯೇಟರ್ ಬಿಡುವ ಮೊದಲು.

ಹೆಸರೇನು, ಯಾವ ಆಪರೇಷನ್, ಯಾವ ಭಾಗಕ್ಕೆ, ಒಪ್ಪಿಗೆ ಇದೆಯೇ ಎಂದು ರೋಗಿಯ ಬಾಯಿಂದಲೇ ಕೇಳುವುದು ಮೊದಲ ಅಂಶ. ತಪ್ಪು ವ್ಯಕ್ತಿಗೆ, ತಪ್ಪು ಜಾಗಕ್ಕೆ ಕತ್ತಿ ತಾಗಬಾರದು, ಅದಕ್ಕೇ ಈ ನಿಯಮ. ಆದರೆ ಥಿಯೇಟರಿನಲ್ಲಿರುವ ಎಲ್ಲರಿಗೂ ರೋಗಿಯ ಗುರುತಿದ್ದರೆ? ಕಾರಣವೇ ಇಲ್ಲದ ಮೇಲೆ ನಿಯಮ ಯಾಕೆ?

ಆಗಲೂ ಕೇಳಲೇಬೇಕು. 'ಈ ಸಲ ಬೇಡ' ಎಂದು ತೀರ್ಮಾನಿಸುವುದು ದಣಿದ, ಅವಸರದ, ತನಗೆಲ್ಲ ಗೊತ್ತೆಂದು ನಂಬಿದ ಮನಸ್ಸು. ಆ ನಂಬಿಕೆ ಕೈಕೊಡುತ್ತದೆ ಎಂದೇ ನಿಯಮ ಬಂದಿದ್ದು. ಇನ್ನೊಂದು ಮಾತು ನಮಗೆ ಇದಕ್ಕಿಂತ ಮುಖ್ಯ. ಅನುಮಾನ ಬಂದಾಗ ಮಾತ್ರ ಕೇಳುವ ಪದ್ಧತಿಯಿದ್ದರೆ ಕಿರಿಯ ನರ್ಸ್ ಕೇಳುವ ಪ್ರತಿ ಪ್ರಶ್ನೆಯೂ ಹಿರಿಯ ಸರ್ಜನ್ ಮೇಲಿನ ಆರೋಪವಾಗುತ್ತದೆ. ಪ್ರತಿ ಸಲವೂ ಕೇಳುವಲ್ಲಿ ಅದು ಅವಳ ಕೆಲಸ, ಅವಳ ಹಕ್ಕು. ಈ ಹಕ್ಕನ್ನು ಕೊಡುವುದು ನಿಯಮ. ಆ ದಿನದ ಕಾರಣವಲ್ಲ.

ಕೊಯ್ಯುವ ಮೊದಲು ಎಲ್ಲರೂ ಹೆಸರು, ಕೆಲಸ ಹೇಳಿಕೊಳ್ಳಬೇಕು. ಆಂಟಿಬಯಾಟಿಕ್ ಬೇಕಿದ್ದರೆ ಅದು ಹಿಂದಿನ 60 ನಿಮಿಷದೊಳಗೆ ಹೋಗಿರಬೇಕು. ಕೊನೆಗೆ ಉಪಕರಣ, ಗಾಜ್, ಸೂಜಿಗಳ ಎಣಿಕೆ, ಪರೀಕ್ಷೆಗೆಂದು ದೇಹದಿಂದ ತೆಗೆದ ಮಾದರಿಯ ಲೇಬಲನ್ನು ಗಟ್ಟಿಯಾಗಿ ಓದುವುದು.

ಕೆಡುವುದು ಎಲ್ಲಿ? ಸರ್ಜನ್ ಇನ್ನೂ ಕೈ ತೊಳೆಯುತ್ತಿರುವಾಗಲೇ ಯಾರೋ ಓದಿ, ಟಿಕ್ ಹಾಕಿ ಮುಗಿಸುವುದು. ಯಾರೂ ನಿಲ್ಲಲಿಲ್ಲ, ಯಾರೂ ಕೇಳಿಸಿಕೊಳ್ಳಲಿಲ್ಲ; ಉಳಿದದ್ದು ಸುಳ್ಳು ದಾಖಲೆ. 8 ಆಸ್ಪತ್ರೆಗಳ 2009ರ ಅಧ್ಯಯನದಲ್ಲಿ, ಚೆಕ್‌ಲಿಸ್ಟ್ ಬಂದ ಮೇಲೆ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿದಿತ್ತು. ಕೆನಡಾದ ಒಂಟಾರಿಯೊದ 101 ಆಸ್ಪತ್ರೆಗಳ 2014ರ ಅಧ್ಯಯನದಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ. ಹಾಳೆ ಹಂಚಿದ ಮಾತ್ರಕ್ಕೆ ಫಲ ಸಿಗುತ್ತದೆಂದು ನಂಬುವಂತಿಲ್ಲ.

ಅಂಶಗಳನ್ನು ತಮ್ಮ ಆಸ್ಪತ್ರೆಗೆ ಹೊಂದಿಸಿಕೊಳ್ಳಲು ಸಂಸ್ಥೆಯೇ ಅವಕಾಶ ಕೊಟ್ಟಿದೆ. ಕಾರಣಗಳನ್ನು ತೂಗಬೇಕಾದದ್ದು ಆಗ, ತಂಡ ಕೂತು ಮಾತಾಡುವಾಗ. ರೋಗಿ ಮೇಜಿನ ಮೇಲೆ ಮಲಗಿದ ಮೇಲಲ್ಲ.

ನಮಗೆ ಅತ್ಯಂತ ಮೆಚ್ಚುಗೆಯಾದದ್ದು ತುರ್ತು ಸಂದರ್ಭದ ಸೂಚನೆ. ರೋಗಿಗೆ ಪ್ರಜ್ಞೆಯಿಲ್ಲ, ಪರವಾಗಿ ಹೇಳುವವರೂ ಇಲ್ಲ, ಕಾಯಲು ಸಮಯವಿಲ್ಲ ಎಂದಾದರೆ ಆಪರೇಷನ್ ಮುಂದುವರಿಸಬಹುದು. ಆದರೆ ರೋಗಿಯನ್ನು ಕೇಳುವ ಆ ಮೊದಲ ಅಂಶದ ಚೌಕಕ್ಕೆ ಟಿಕ್ ಹಾಕುವಂತಿಲ್ಲ, ಖಾಲಿಯೇ ಬಿಡಬೇಕು.