ಗೋವಾ ಬೀಚಿನಲ್ಲಿ ಮೀನು ಆರ್ಡರ್ ಮಾಡುವ ಮುಂಚೆ ತಕ್ಕಡಿ ನೋಡಿ

ಗೋವಾದ ಬೀಚ್ ಹೋಟೆಲುಗಳ ಮೆನುವಿನಲ್ಲಿ ದೊಡ್ಡ ಮೀನುಗಳ ಮುಂದೆ ರೇಟ್ ಇರುವುದಿಲ್ಲ. ಆ ಜಾಗದಲ್ಲಿ ‘ಎಪಿಎಸ್’ ಅಂತ ಇರುತ್ತದೆ. ಆ್ಯಸ್ ಪರ್ ಸೈಜ್, ಅಂದರೆ ಮೀನಿನ ಗಾತ್ರ ನೋಡಿ ದುಡ್ಡು. ಹುಬ್ಬಳ್ಳಿ, ಬೆಳಗಾವಿಯಿಂದ ಶನಿವಾರ ಕಾರು ಹತ್ತಿ ಬರುವ ನಮ್ಮ ಜನ ಜಾಸ್ತಿ ಕಳೆದುಕೊಳ್ಳುವುದು ಇಲ್ಲೇ. ಹೋದ ನವೆಂಬರಿನಲ್ಲಿ ನಮಗೂ ಇದೇ ಆಯ್ತು. ಅದೂ ವರ್ಷಗಟ್ಟಲೆ ವಾಸ್ಕೋದಲ್ಲೇ ಮನೆ ಮಾಡಿಕೊಂಡಿರುವ ನಮಗೆ.

ದಿನ ಶುರುವಾಗಿದ್ದು ಚೆನ್ನಾಗಿಯೇ. ಮಡಗಾಂವ್‌ನಲ್ಲಿ ಬಿಸಿ ಪಾತಳ ಭಾಜಿ, ಪಾವ್, ಒಂದೊಂದು ಬನ್ಸ್, ಚಹಾ. ಇಬ್ಬರ ಹೊಟ್ಟೆ ತುಂಬಿದರೂ ನೂರೈವತ್ತು ದಾಟಲಿಲ್ಲ. ಗೋವಾದಲ್ಲಿ ತಿನ್ನೋದು ದುಬಾರಿ ಅನ್ನುವವರು ಇಂಥ ಚಹಾ ಅಂಗಡಿಗೆ ಕಾಲಿಟ್ಟಿರುವುದಿಲ್ಲ ಅಷ್ಟೇ. ಅಲ್ಲಿಂದ ಅಸೋಳ್ಣಾ, ಬೇತುಲ್ ದಾಟಿ ಕಾಬೊ ದ ರಾಮ ಕೋಟೆಗೆ ಹೋದೆವು. ಈ ಕೋಟೆ ನಮ್ಮ ಶಿರಸಿ ಪಕ್ಕದ ಸೋದೆ ಅರಸರ ಕೈಯಲ್ಲಿತ್ತು. 1763ರಲ್ಲಿ ಪೋರ್ಚುಗೀಸರ ಪಾಲಾಯಿತು. ಆಮೇಲೆ 1955ರವರೆಗೆ ಜೈಲು ಕೂಡ ಆಗಿತ್ತಂತೆ. ಈಗ ಒಳಗೆ ಒಂದು ಬಿಳಿ ಚರ್ಚು, ಬಿದ್ದ ಗೋಡೆಗಳು, ಕೆಳಗೆ ಬಂಡೆಗೆ ಬಡಿಯುವ ಸಮುದ್ರ. ಅಂಚಿನಲ್ಲಿ ಎಲ್ಲ ಕಡೆ ಕಟಕಟೆ ಇಲ್ಲ, ಸೆಲ್ಫಿ ತೆಗೆಯುವಾಗ ಹಿಂದೆ ಹಿಂದೆ ಹೋಗಬೇಡಿ.

ಊಟಕ್ಕೆ ಹತ್ತಿರದ ಒಂದು ಬೀಚಿಗೆ ಇಳಿದೆವು. ಬೀಚಿನ ಹೆಸರು, ಹೋಟೆಲಿನ ಹೆಸರು ಬರೆಯುತ್ತಿಲ್ಲ. ಬರೆದರೆ ನೀವು ಅದೊಂದನ್ನು ಬಿಟ್ಟು ಪಕ್ಕದ್ದಕ್ಕೆ ಧೈರ್ಯವಾಗಿ ಹೋಗುತ್ತೀರಿ, ಅಲ್ಲೂ ಇದೇ ಆಟ ಇರಬಹುದು.

ಕೂತ ತಕ್ಷಣ ಹುಡುಗ ಸ್ಟೀಲ್ ಟ್ರೇಯಲ್ಲಿ ಐಸ್ ಹಾಸಿ ಮೀನು ಜೋಡಿಸಿಕೊಂಡು ಬಂದ. ಪಾಂಪ್ಲೆಟ್, ಕೆಂಬೇರಿ, ಒಂದು ಚೋಣಕ್, ಅಂದರೆ ಸೀ ಬಾಸ್. ನನ್ನ ಹೆಂಡತಿ ಅಂಕೋಲಾದವಳು. ಅವಳ ಮುಂದೆ ಮೀನು ಇಟ್ಟರೆ ಸುಮ್ನೆ ನೋಡಿ ಬಿಡುವವಳಲ್ಲ. ಚೋಣಕ್‌ನ ಕಿವಿರು ಎತ್ತಿ ಕೆಂಪಗಿದೆಯಾ ನೋಡಿದಳು, ಬೆನ್ನು ಒತ್ತಿ ನೋಡಿದಳು, ಅಂಗೈ ಮೇಲೆ ಇಟ್ಟು ಒಂದು ಸಲ ತೂಗಿದಳು. “ಮೀನು ತಾಜಾ ಇದೆ ರೀ. ಒಂದು ಕಿಲೋ ಮಾತ್ರ ತುಂಬಲ್ಲ” ಅಂದಳು. ರೇಟ್ ಕೇಳಿದೆವು. ನೂರು ಗ್ರಾಮಿಗೆ 280 ಅಂದ. ತೂಕ ಮಾಡಿ ಹೇಳಪ್ಪ ಅಂದರೆ, “ಹೌದು ಸರ್, ಒಳಗೆ ಮಾಡಿ ಹೇಳ್ತೀನಿ” ಅಂತ ಟ್ರೇ ಎತ್ತಿಕೊಂಡು ಹೋದ. ಹೋದವನು ವಾಪಸ್ ಬಂದಿದ್ದು ಮೀನಿಗೆ ರೆಶಾದ್ ಅನ್ನುವ ಕೆಂಪು ಮೆಣಸಿನ ಮಸಾಲೆ ತುಂಬಿ ಹುರಿದ ಮೇಲೆಯೇ.

ರುಚಿ ಬಗ್ಗೆ ತಕರಾರಿಲ್ಲ. ಚೋಣಕ್ ಚೆನ್ನಾಗಿತ್ತು, ಕೋಕಂ ಹಾಕಿದ ಸೋಲ್ ಕಡಿಯೂ ಚೆನ್ನಾಗಿತ್ತು. ಬಿಲ್ ಬಂತು. ಚೋಣಕ್, 1.350 ಕಿಲೋ, 3,780 ರೂಪಾಯಿ.

ನಾನು ಏನಾದರೂ ಹೇಳುವ ಮೊದಲೇ ಅವಳು ಎದ್ದು ಕೌಂಟರಿಗೆ ಹೋದಳು. ತಕ್ಕಡಿ ಅಲ್ಲೇ ಅಡುಗೆಮನೆ ಬಾಗಿಲ ಪಕ್ಕ ಇತ್ತು. ಜಗಳ ಮಾಡಲಿಲ್ಲ, ಕೂಗಲಿಲ್ಲ. ಮೀನು ತಂದ ಟ್ರೇ ಒಂದನ್ನು ತೆಗೆದು, ಐಸ್ ನೀರು ಚೆಲ್ಲಿ, ಖಾಲಿ ಟ್ರೇ ತಕ್ಕಡಿ ಮೇಲೆ ಇಟ್ಟಳು. ಕೆಂಪು ಅಂಕಿ 0.410 ತೋರಿಸಿತು. “ಮೀನಿನ ಜೊತೆ ಟ್ರೇನೂ ನಾವೇ ತಿಂದ್ವಾ?” ಅಂತ ಕೇಳಿದಳು. ಕೌಂಟರಿನಲ್ಲಿದ್ದವನು ಅದು ಬೇರೆ ಟ್ರೇ ಅಂದ. ಬೇರೆ ಟ್ರೇ ಕೊಡಿ ಅಂದರೆ ತೊಳೆಯಲು ಹೋಗಿದೆ ಅಂದ. ಹಾಗಾದರೆ ಮೀನು ತೂಗಿ ತೋರಿಸಿ ಅನ್ನುವ ಹಾಗೂ ಇಲ್ಲ, ನಮ್ಮ ತಟ್ಟೆಯಲ್ಲಿ ಉಳಿದಿದ್ದು ತಲೆ, ಮುಳ್ಳು ಮಾತ್ರ.

1.350ರಲ್ಲಿ 410 ಗ್ರಾಮ್ ಕಳೆದರೆ 940 ಗ್ರಾಮ್. ಅವಳ ಅಂಗೈ ಲೆಕ್ಕ ಸರಿಯಾಗಿಯೇ ಇತ್ತು. ಅಂದರೆ ಬರೀ ಟ್ರೇ ತೂಕಕ್ಕೆ ಬಿಲ್ಲಿನಲ್ಲಿ ಹಾಕಿದ್ದು 1,148 ರೂಪಾಯಿ. ಅಷ್ಟು ದುಡ್ಡಿಗೆ ಮಾರ್ಕೆಟಿನಲ್ಲಿ ಹೊಸ ಟ್ರೇಗಳೇ ಬರುತ್ತವೆ.

ಅರ್ಧ ಗಂಟೆ ಮಾತಾದ ಮೇಲೆ ಬಿಲ್ಲಿನ ಕೆಳಗೆ ಹಾಕಿದ್ದ ಹತ್ತು ಪರ್ಸೆಂಟ್ ಸರ್ವಿಸ್ ಚಾರ್ಜ್ ತೆಗೆದರು, ಮೀನಿನಲ್ಲಿ ಐನೂರು ಬಿಟ್ಟರು. ಉಪಕಾರ ಮಾಡಿದ ಹಾಗೆ. ಸರ್ವಿಸ್ ಚಾರ್ಜನ್ನು ಕೇಳದೇ ಬಿಲ್ಲಿಗೆ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಅದನ್ನು ತೆಗೆಸುವುದಕ್ಕೆ ನೀವು ಯಾರ ಕಾಲೂ ಹಿಡಿಯಬೇಕಾಗಿಲ್ಲ.

ಈ ಆಟ ನಡೆಯುವುದು ನಿಮ್ಮ ಕಣ್ಣೆದುರು ತೂಗದೇ ಇರುವುದರಿಂದ. ಟ್ರೇ ಇಟ್ಟು ಜೀರೋ ಮಾಡುವುದಿಲ್ಲ. ಐಸ್ ಸಮೇತ ತೂಗುತ್ತಾರೆ. ತೋರಿಸಿದ ಮೀನು ಒಂದು, ಬೇಯಿಸುವುದು ಇನ್ನೊಂದು. ‘ಟೂ ಎಯ್ಟಿ’ ಅಂತ ಮಾತ್ರ ಹೇಳಿ, ನೂರು ಗ್ರಾಮಿಗೋ ಪ್ಲೇಟಿಗೋ ಹೇಳದೇ ಹೋಗುವವರೂ ಇದ್ದಾರೆ. ಜೀವ ಹೋಗುವ ವಿಷಯ ಅಲ್ಲ ನಿಜ. ಆದರೆ ಮಕ್ಕಳು ಮರಿ ಕಟ್ಟಿಕೊಂಡು ಬಂದು ಎರಡು ಮೀನು ಹೇಳಿದರೆ, ಪೆಟ್ರೋಲಿಗೆ ಇಟ್ಟ ದುಡ್ಡು ಅಲ್ಲೇ ಹೋಗುತ್ತದೆ.

ಆದ್ದರಿಂದ ಹುಡುಗ ಟ್ರೇ ಎತ್ತಿಕೊಂಡು ಹೋದರೆ ನೀವೂ ಹಿಂದೆಯೇ ಹೋಗಿ. ನಾಚಿಕೆ ಬೇಡ, ಗೋವಾದವರೂ ಹೀಗೇ ಮಾಡುತ್ತಾರೆ. ತಕ್ಕಡಿ ಮೇಲೆ ಖಾಲಿ ಟ್ರೇ ಇಟ್ಟು ಜೀರೋ ಮಾಡಿಸಿ, ಆಮೇಲೆ ಮೀನು ಇಡಿಸಿ. ಅಂಕಿ ಕಾಣುವ ಹಾಗೆ ಒಂದು ಫೋಟೋ ತೆಗೆಯಿರಿ. ಫೋಟೋ ತೆಗೆದ ಕೂಡಲೇ ಮೀನಿನ ತೂಕ ಹೇಗೆ ಇಳಿಯುತ್ತದೆ ನೋಡಿ. ಮಸಾಲೆ, ಹುರಿಯುವ ಖರ್ಚು ಸೇರಿ ಒಟ್ಟು ಎಷ್ಟು ಅಂತ ಕೇಳಿ, ಆರ್ಡರ್ ಚೀಟಿಯಲ್ಲಿ ಬರೆಸಿ. ತಕ್ಕಡಿಗೆ ತೂಕ ಅಳತೆ ಇಲಾಖೆಯ ಮುದ್ರೆ ಇರಬೇಕು, ಸರ್ಟಿಫಿಕೇಟನ್ನು ಕಾಣುವ ಹಾಗೆ ತೂಗು ಹಾಕಿರಬೇಕು. ಅದನ್ನು ಕೇಳಿದರೆ ಸಾಕು, ಎದುರಿನವರ ದನಿ ಸ್ವಲ್ಪ ಮೆತ್ತಗಾಗುತ್ತದೆ.

ಬಿಲ್ ಕಚ್ಚಾ ಚೀಟಿಯಾಗಿದ್ದರೆ ಜಿಎಸ್‌ಟಿ ಕೊಡಬೇಡಿ. ಜಿಎಸ್‌ಟಿ ನಂಬರ್ ಇಲ್ಲದೇ ಟ್ಯಾಕ್ಸ್ ಹಾಕುವ ಹಾಗಿಲ್ಲ. ದುಡ್ಡನ್ನು ಯುಪಿಐನಲ್ಲೋ ಕಾರ್ಡಿನಲ್ಲೋ ಕೊಡಿ, ಕೈಯಲ್ಲಿ ದಾಖಲೆ ಉಳಿಯುತ್ತದೆ. ದೂರು ಕೊಡಬೇಕೆಂದರೆ 1915 ಗ್ರಾಹಕ ಸಹಾಯವಾಣಿ ಇದೆ, ಕನ್ನಡದಲ್ಲೂ ಮಾತಾಡಬಹುದು. ನಾವು ಬಿಲ್ಲಿನ ಫೋಟೋ ಸಮೇತ ದೂರು ಹಾಕಿದ್ದೇವೆ.

ಇನ್ನೊಂದು ಮಾತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆ ಬಂದ್ ಇರುತ್ತದೆ. ಆಗ ಯಾರಾದರೂ “ಇವತ್ತು ಬೆಳಿಗ್ಗೆ ಟ್ರಾಲರ್‌ನಲ್ಲಿ ಬಂದ ಪಾಂಪ್ಲೆಟ್” ಅಂತ ಎಪಿಎಸ್ ರೇಟಿಗೆ ತೋರಿಸಿದರೆ ನಕ್ಕು ಮುಂದೆ ಹೋಗಿ. ರಸ್ತೆ ಪಕ್ಕದ ಸಣ್ಣ ಊಟದ ಮನೆಗಳಲ್ಲಿ ಫಿಶ್ ಥಾಳಿ ರೇಟನ್ನು ಬೋರ್ಡಿನ ಮೇಲೆಯೇ ಬರೆದಿರುತ್ತಾರೆ. ಅನ್ನ, ಮೀನು ಸಾರು, ಒಂದು ಬಂಗುಡೆ ಫ್ರೈ, ಒಣ ಸಿಗಡಿಯ ಕಿಸ್ಮೂರ್, ಸೋಲ್ ಕಡಿ. ಅಲ್ಲಿ ತಕ್ಕಡಿಯೇ ಇರುವುದಿಲ್ಲ. ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ, ತಡವಾದರೆ ಬಂಗುಡೆ ಖಾಲಿ.