ಬೆಂಗಳೂರು–ಶಹಾಪುರ ಸ್ಲೀಪರ್ ಬಸ್, ಓಟಿನ ಹಿಂದಿನ ರಾತ್ರಿ: 5ಕ್ಕೆ 3 ಅಂಕ

ಪಂಚಾಯಿತಿ ಎಲೆಕ್ಷನ್‌ಗೆ ಯಾದಗಿರಿ ಕಡೆಯ ನನ್ನ ಊರಿಗೆ ಹೋಗಲು ಈ ಖಾಸಗಿ ಬಸ್ ಹತ್ತಿದೆ. ಬರ್ತ್ ಚೆನ್ನಾಗಿದೆ, ಹೊದಿಕೆ ಒಗೆದದ್ದು. ಆದರೆ ದರ ಮಾಮೂಲಿಗಿಂತ ದುಪ್ಪಟ್ಟು! ಎದುರಿನ ಬರ್ತ್‌ನಲ್ಲಿ ಗಾರೆ ಕೆಲಸದ ಗಂಡ-ಹೆಂಡತಿ, ನಡುವೆ ಮಗು, ಕಾಲ ಬಳಿ ರೊಟ್ಟಿ ಗಂಟು. ಎರಡು ದಿನದ ಕೂಲಿ ಬಿಟ್ಟು, ಮೇಲೆ ಇಷ್ಟು ಟಿಕೆಟ್ ದುಡ್ಡು ಕೊಟ್ಟು ಎಷ್ಟು ಜನ ಬಂದಾರು ಹೇಳಿ? ಕೂಲಿಗೆ ಗುಳೆ ಹೋದವರಿಗೆ ಅಂಚೆ ಮತ ಇಲ್ಲ, ಹೆಸರು ಇರುವ ಊರಿಗೇ ಬರಬೇಕು. ವಿಧಾನಸಭೆ, ಲೋಕಸಭೆಗಾದರೆ ಮತಗಟ್ಟೆ 2 ಕಿ.ಮೀ. ಒಳಗೆ ಇರಬೇಕು ಅಂತ ಚುನಾವಣಾ ಆಯೋಗದ ಸೂಚನೆ ಇದೆ, ಒಳ್ಳೆಯದೇ, ಆದರೆ ಯಾದಗಿರಿ ಕಡೆಯವರ ಓಟು ತಪ್ಪಿಸುವುದು ಈ ಸುಮಾರು 500 ಕಿ.ಮೀ. ದಾರಿ ಅಲ್ವಾ? ಪಂಚಾಯಿತಿ ವಾರ್ಡ್ ಚಿಕ್ಕದು, ಹತ್ತು ಮನೆಯವರು ಬರದಿದ್ದರೂ ಫಲಿತಾಂಶ ತಿರುಗಬಹುದು. (ಕೆಲವು ಅಭ್ಯರ್ಥಿಗಳು ತಾವೇ ಗಾಡಿ ಮಾಡಿ ಕರೆಸುತ್ತಾರೆ, ಆ ಕಥೆ ಬೇಡ.)

ಬಸ್ ಮೂರು ತಾಸು ಲೇಟು. ಕಾರಣ ಕೇಳಿದರೆ ಡ್ರೈವರ್ ಸುಮ್ನೆ ನಕ್ಕ. ಶಹಾಪುರದಿಂದ ನಮ್ಮ ತಾಂಡಾಕ್ಕೆ ಟಂಟಂ (ಶೇರ್ ಆಟೊ) ಹಿಡಿಯಬೇಕು, ಅದು ತುಂಬುವ ತನಕ ಹೊರಡುವುದಿಲ್ಲ. ಓಟಿಗೆ ಹೋಗುವವರು ಒಂದು ದಿನ ಮೊದಲೇ ಹೊರಡಿ, ವಾಪಸ್ ಟಿಕೆಟ್ ಈಗಲೇ ಮಾಡಿಸಿ, ಆಮೇಲೆ ಇನ್ನೂ ಜಾಸ್ತಿ ಕೇಳುತ್ತಾರೆ.